ವೇಗ ಕುಗ್ಗಿದೆ, ಸದ್ದು ಹೆಚ್ಚಿದೆ, ಕೈಗೆ ಒದೆಯುತ್ತಿದೆ: ಕಾಂಪೌಂಡ್ ಬಿಲ್ಲಿನ ದೋಷ ಹುಡುಕುವ ಬಗೆ

ಕಳೆದ ಮಳೆಗಾಲದ ಕೊನೆಯಲ್ಲಿ ಹಾವೇರಿಯ ಹುಡುಗನೊಬ್ಬ ಧಾರವಾಡಕ್ಕೆ ಬಂದು ತನ್ನ ಕಾಂಪೌಂಡ್ ಬಿಲ್ಲನ್ನು ನನ್ನ ಮುಂದಿಟ್ಟ. ಹೊರದೇಶದಲ್ಲಿರುವ ಸೋದರಮಾವ ಬಳಸಿ ಕೊಟ್ಟದ್ದು, ಬೇಟೆಗೆಂದೇ ತಯಾರಾದ ಮಾದರಿ. ಕಾಂಪೌಂಡ್ ಎಂದರೆ ಲಿಂಬ್ ಎಂಬ ಎರಡು ಬಾಗುವ ತೋಳುಗಳ ತುದಿಯಲ್ಲಿ ಕ್ಯಾಮ್ ಎಂಬ ಗಾಲಿಗಳಿದ್ದು, ಹೆದೆಯೂ ಕೇಬಲ್ ಎಂಬ ಹುರಿಗಳೂ ಅವುಗಳಿಗೆ ಸುತ್ತಿಕೊಂಡಿರುವ ಬಿಲ್ಲು. "ಕಾಕಾ, ಇದರ ಡಬ್ಬಿಯ ಮೇಲೆ ವೇಗ 320 ಎಂದು ಬರೆದಿದೆ. ಬಾಣ ಮಾತ್ರ ಮೈಗಳ್ಳನ ಹಾಗೆ ಹೋಗುತ್ತದೆ. ಬಿಟ್ಟ ಕೂಡಲೇ ಪಾತ್ರೆ ಬಿದ್ದಂತೆ ಸದ್ದು, ಮುಂಗೈವರೆಗೆ ಅದುರು. ಹೊಸ ಹೆದೆ ತರಿಸಿಬಿಡಲೇ?" ಎಂದ.

"ತಡಿ ತಮ್ಮಾ, ಮೊದಲು ಅಳೆಯೋಣ" ಎಂದೆ. ಆ ಬಿಲ್ಲಿನ ಜೊತೆ ಮೂರು ಭಾನುವಾರಗಳಲ್ಲಿ ನಡೆಸಿದ ಪರೀಕ್ಷೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಂಥ ಊರುಗಳಲ್ಲಿ ಕಾಂಪೌಂಡ್ ಬಿಲ್ಲನ್ನು ಬಿಚ್ಚಿ ಜೋಡಿಸಿ ಕೊಡುವ ಅಂಗಡಿಗೆ ಕಾದು ಕೂಡಲಾಗದು. ನಮ್ಮ ಕೈಗೆ ಸಿಗುವ ಸಾಧನಗಳಲ್ಲೇ ದೋಷ ಹುಡುಕುವುದನ್ನು ಕಲಿಯಬೇಕು.

ವೇಗ, ಸದ್ದು, ಕೈಯ ಅನುಭವ ಮೂರೂ ಬೇರೆ ಬೇರೆ ದೂರುಗಳಂತೆ ಕಾಣುತ್ತವೆ. ಬಹುಪಾಲು ಅವುಗಳ ಬೇರು ಒಂದೇ. ಹೆದೆ ಎಳೆದಾಗ ಲಿಂಬ್‌ಗಳಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ. ಬಿಟ್ಟಾಗ ಅದರಲ್ಲಿ ಹೆಚ್ಚಿನ ಪಾಲನ್ನು ಬಾಣ ಒಯ್ಯುತ್ತದೆ. ಬಾಣ ಒಯ್ಯದೆ ಉಳಿದದ್ದೇ ಕಿವಿಗೆ ಸದ್ದಾಗಿ, ಅಂಗೈಗೆ ಒದೆತವಾಗಿ ಬರುತ್ತದೆ. ಆದ್ದರಿಂದ ಒಂದೇ ಬಿಲ್ಲಿನಲ್ಲಿ ವೇಗ ಇಳಿದು ಸದ್ದು ಏರಿದ್ದರೆ ಶಕ್ತಿ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸದ್ದಡಗಿಸುವ ರಬ್ಬರ್ ತುಂಡುಗಳನ್ನು ಹೆದೆಗೆ ಕಟ್ಟುವುದರಿಂದ ಸೋರಿಕೆ ನಿಲ್ಲುವುದಿಲ್ಲ, ಅದರ ಸದ್ದು ಮಾತ್ರ ಮುಚ್ಚಿಹೋಗುತ್ತದೆ.

ಬೇಟೆಯ ಬಿಲ್ಲು ಎಂದ ಮಾತ್ರಕ್ಕೆ ಇಲ್ಲಿ ಬೇಟೆ ಆಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಹಾವೇರಿ ಜಿಲ್ಲೆಯಲ್ಲೇ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ. ಆ ಮೃಗಗಳನ್ನು ನೋಡುತ್ತ ಬೆಳೆದ ಹುಡುಗನಿಗೆ ನಾನು ಇದನ್ನು ಹೇಳಬೇಕಾಗಲಿಲ್ಲ. ಅವನ ಆಸೆ ಗುರಿಹಲಗೆಯದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದಾಗಿನಿಂದ ನಮ್ಮ ಕಡೆಯ ಹುಡುಗರೂ ಈ ಬಿಲ್ಲಿನತ್ತ ನೋಡತೊಡಗಿದ್ದಾರೆ. ಸ್ಪರ್ಧೆಯಲ್ಲಿ ಎಳೆತದ ತೂಕ, ಅಂದರೆ ಹೆದೆ ಎಳೆಯಲು ಬೇಕಾಗುವ ಗರಿಷ್ಠ ಬಲ, 60 ಪೌಂಡ್ ಮೀರುವಂತಿಲ್ಲ. ಹೊರಾಂಗಣದ ದೂರ 50 ಮೀಟರ್, ಒಳಾಂಗಣದ್ದು 18 ಮೀಟರ್. 70 ಪೌಂಡಿನ ಬೇಟೆಯ ಬಿಲ್ಲನ್ನು 60ಕ್ಕೆ ಇಳಿಸಿಯೇ ಅಭ್ಯಾಸ ಮಾಡಬೇಕು.

ಎಳೆಯುವ ಮೊದಲು

ಹತ್ತಿಯ ಒಂದು ಉಂಡೆ ತೆಗೆದುಕೊಂಡು ಎರಡೂ ಲಿಂಬ್‌ಗಳ ಅಂಚು, ಬೆನ್ನು, ಹೊಟ್ಟೆಯ ಮೇಲೆ ನಿಧಾನವಾಗಿ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡರೂ ಅಲ್ಲಿ ಸೀಳು ಇರಬಹುದು. ಸೀಳಿದ ಲಿಂಬ್ ಇರುವ ಬಿಲ್ಲನ್ನು ಎಳೆಯಬೇಡಿ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಹೆದೆಯಲ್ಲಾಗಲಿ ಕೇಬಲ್‌ನಲ್ಲಾಗಲಿ ಒಂದು ಎಳೆ ಕಡಿದಿದ್ದರೂ ಹಾಗೆಯೇ. ಕಾರ್ಬನ್ ಬಾಣಗಳನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ. ಚಿಟಿಚಿಟಿ ಎಂದ ಬಾಣವನ್ನು ಮುರಿದು ಎಸೆಯಿರಿ, ಇನ್ನೊಬ್ಬರ ಕೈಗೆ ಹೋಗಬಾರದು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವುದು ಎಂದಿಗೂ ಬೇಡ. ಬಾಣ ಒಯ್ಯಬೇಕಿದ್ದ ಅಷ್ಟೂ ಶಕ್ತಿ ಬಿಲ್ಲಿನೊಳಗೇ ಸಿಡಿಯುತ್ತದೆ. ಒಡೆದ ಲಿಂಬ್ ಮುಖಕ್ಕೆ ಬಡಿಸಿಕೊಂಡವರಿದ್ದಾರೆ.

320 ಎಂಬ ಅಂಕಿ ಮತ್ತು ನಿಜವಾದ ವೇಗ

ಡಬ್ಬಿಯ ಮೇಲಿನ ಅಂಕಿಯ ಲೆಕ್ಕ ಸೆಕೆಂಡಿಗೆ ಇಷ್ಟು ಅಡಿ ಎಂದು. ಅದನ್ನು ಅಳೆಯುವುದು ಸಾಮಾನ್ಯವಾಗಿ 70 ಪೌಂಡ್ ಎಳೆತ, 30 ಇಂಚಿನ ಎಳೆತದ ಉದ್ದ, 350 ಗ್ರೇನ್ ತೂಕದ ಬಾಣದಲ್ಲಿ. ಹೆದೆಯ ಮೇಲೆ ಪೀಪ್ (ಗುರಿ ನೋಡುವ ಸಣ್ಣ ಕಿಂಡಿ) ಮುಂತಾದ ಭಾರಗಳೂ ಇರುವುದಿಲ್ಲ. ನಮ್ಮ ಹುಡುಗನ ಎಳೆತದ ಉದ್ದ 28 ಇಂಚು. ಒಂದು ಇಂಚಿಗೆ ಸುಮಾರು 10 ಅಡಿಯಂತೆ 20 ಅಡಿ ಹೋಯಿತು. 70 ಪೌಂಡಿನಿಂದ 60ಕ್ಕೆ ಇಳಿದರೆ 15ರಿಂದ 20 ಅಡಿ. ಮೂರು ಗ್ರೇನ್‌ಗೆ ಒಂದು ಅಡಿ ಎಂದು ಹಿಡಿದರೆ 400 ಗ್ರೇನ್ ಬಾಣಕ್ಕೆ ಇನ್ನೊಂದು 17 ಅಡಿ. ಪೀಪ್, ಡಿ-ಲೂಪ್ (ಹೆದೆ ಎಳೆಯಲು ಕಟ್ಟುವ ಕುಣಿಕೆ) ಸೇರಿ 5 ಅಡಿ. ಎಲ್ಲ ಕಳೆದರೆ ಸುಮಾರು 260 ಉಳಿಯುತ್ತದೆ. ಇದು ಅಂದಾಜಿನ ಲೆಕ್ಕ, ಬಿಲ್ಲಿನಿಂದ ಬಿಲ್ಲಿಗೆ ಸ್ವಲ್ಪ ಬದಲಾಗುತ್ತದೆ. ಆದರೂ ಈ ಕೂಡಿಸು ಕಳೆಯುವಿಕೆಯನ್ನು ಮಾಡದೆ ಬಿಲ್ಲಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. 60 ಪೌಂಡಿನಲ್ಲಿ 260 ಬಂದರೆ ಅವನ ಬಿಲ್ಲು ಸರಿಯಾಗಿದೆ ಎಂದೇ ಲೆಕ್ಕ.

ಬಾಣದ ತೂಕವನ್ನು ಪತ್ತಾರರ ಅಂಗಡಿಯಲ್ಲಿ ತೂಗಿಸಿದೆವು. ಚಿನ್ನದ ತಕ್ಕಡಿಗಿಂತ ನಂಬಿಕೆಯ ತಕ್ಕಡಿ ಬೇರೆ ಬೇಕೇ? ಒಂದು ಗ್ರಾಂಗೆ 15.43 ಗ್ರೇನ್. 25.9 ಗ್ರಾಂ ಬಂದರೆ 400 ಗ್ರೇನ್. ಒಂದು ಪೌಂಡಿಗೆ 5 ಗ್ರೇನ್‌ಗಿಂತ ಹಗುರಾದ ಬಾಣವನ್ನು ಬಳಸಲೇಬಾರದು. 60 ಪೌಂಡಿನ ಬಿಲ್ಲಿಗೆ 300 ಗ್ರೇನ್, ಅಂದರೆ 19.4 ಗ್ರಾಂ ಕಡೆಯ ಮಿತಿ.

ಎಳೆತದ ತೂಕಕ್ಕೆ ಚೀಲ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಸಾಕು. ಗರಿಷ್ಠ ಅಂಕಿಯನ್ನು ಹಿಡಿದು ನಿಲ್ಲಿಸುವಂಥದ್ದಿರಲಿ. ಅದು ಸರಿ ತೋರಿಸುತ್ತದೆಯೇ ಎಂದು ಮೊದಲು ನೋಡಿ: ಖಾಲಿ ನೀರಿನ ಕ್ಯಾನ್ ತೂಗಿ, 20 ಲೀಟರ್ ಅಳೆದು ತುಂಬಿ ಮತ್ತೆ ತೂಗಿದರೆ 20 ಕಿಲೋ ಹೆಚ್ಚಬೇಕು. ಸೋದರಮಾವ 60 ಪೌಂಡಿಗೆ ಇಟ್ಟಿದ್ದೇನೆ ಎಂದಿದ್ದರಂತೆ. ನಮ್ಮ ತಕ್ಕಡಿಯಲ್ಲಿ ಬಂದದ್ದು 24.9 ಕಿಲೋ, 55 ಪೌಂಡ್. ಮೊದಲ ಸುಳಿವು ಅಲ್ಲೇ ಸಿಕ್ಕಿತು.

ವೇಗ ಅಳೆಯುವ ಕ್ರೊನೋಗ್ರಾಫ್ ನಮ್ಮ ಬಳಿ ಇರಲಿಲ್ಲ. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಲೆಕ್ಕ ಹಾಕಿದೆವು. ಹೆದೆ ಎಳೆಯದೆ ಬಾಣ ಹೂಡಿ ನಿಂತಾಗ ಮೊನೆಯಿಂದ ಗುರಿಹಲಗೆಗೆ ಸರಿಯಾಗಿ 18 ಮೀಟರ್ ಇರಲಿ. ಮೊನೆಯ ಕೆಳಗೇ ಸ್ಟೂಲ್ ಮೇಲೆ ಮೊಬೈಲ್ ಇಡಿ. ಬಿಟ್ಟ ಸದ್ದು ಮತ್ತು ನಾಟಿದ ಸದ್ದಿನ ನಡುವಿನ ಅವಧಿಯನ್ನು ಧ್ವನಿ ತಿದ್ದುವ ಯಾವುದೇ ಉಚಿತ ತಂತ್ರಾಂಶದಲ್ಲಿ ಅಲೆಯ ಚಿತ್ರ ನೋಡಿ ಅಳೆಯಬಹುದು. ನಾಟಿದ ಸದ್ದು ಮರಳಿ ಬರಲು ತೆಗೆದುಕೊಂಡ ಕಾಲವನ್ನು ಕಳೆಯಬೇಕು. 25 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ, ಹಾಗಾಗಿ 18 ಮೀಟರಿಗೆ 0.052 ಸೆಕೆಂಡ್. ಗದಗಿನ ಬಿರುಬೇಸಿಗೆಯಲ್ಲೂ ಈ ಅಂಕಿ ಒಂದು ಮಿಲಿಸೆಕೆಂಡಿನಷ್ಟೇ ಕಡಿಮೆಯಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಬಿಟ್ಟ ಸದ್ದಿನಲ್ಲಿ ಎರಡು ಶಿಖರಗಳಿರುತ್ತವೆ. ಮೊದಲನೆಯದು ಹೆದೆಯನ್ನು ಹಿಡಿದು ಬಿಡುವ ರಿಲೀಸ್ ಸಾಧನದ ಸಣ್ಣ ಟಿಕ್. ಹನ್ನೆರಡು, ಹದಿನೈದು ಮಿಲಿಸೆಕೆಂಡ್ ಕಳೆದ ಮೇಲೆ ಹೆದೆ ನಿಂತಾಗಿನ ದೊಡ್ಡ ಧಪ್. ಬಾಣ ಹೆದೆಯನ್ನು ಬಿಟ್ಟು ಹೊರಡುವುದು ಈ ಎರಡನೆಯದರ ಹೊತ್ತಿಗೆ. ಮೊದಲ ಭಾನುವಾರ ನಾವು ಟಿಕ್‌ನಿಂದ ಅಳೆದು, ವೇಗವನ್ನು ಹದಿನೈದು ಅಡಿಯಷ್ಟು ಕಡಿಮೆ ಲೆಕ್ಕ ಹಾಕಿ, ಇಲ್ಲದ ದೋಷಕ್ಕಾಗಿ ಸಂಜೆಯವರೆಗೆ ಹುಡುಕಿದೆವು. ಧಪ್‌ನಿಂದ ಅಳೆದಾಗ ಐದು ಬಾಣಗಳ ಸರಾಸರಿ 0.297 ಸೆಕೆಂಡ್. 0.052 ಕಳೆದರೆ 0.245. 18 ಮೀಟರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 73.5 ಮೀಟರ್, ಅಂದರೆ 241 ಅಡಿ.

ಎಳೆತ 55 ಪೌಂಡಿಗೆ ಇಳಿದಿದ್ದರಿಂದ 251ರ ಆಸುಪಾಸು ಬರಬೇಕಿತ್ತು. ಇನ್ನೂ ಹತ್ತು ಅಡಿ ಎಲ್ಲಿ ಹೋಯಿತು? ಲೆಕ್ಕಕ್ಕೆ ಸಿಗದ ಆ ಹತ್ತು ಅಡಿಯೇ ನಿಜವಾದ ದೋಷ. ಎಳೆತ ಇಳಿದಿರುವುದೊಂದೇ ಕಾರಣವಾಗಿದ್ದರೆ ಲಿಂಬ್ ಹಿಡಿದಿರುವ ಬೋಲ್ಟ್ ತಿರುಗಿಸಿ ಮನೆಗೆ ಹೋಗಬಹುದಿತ್ತು.

ಎರಡು ಕ್ಯಾಮ್‌ಗಳ ಹೊಂದಾಣಿಕೆ

ಮೊದಲು ಟೇಪ್ ಹಿಡಿದು ಮೇಲಿನ ಆಕ್ಸಲ್‌ನಿಂದ (ಕ್ಯಾಮ್ ತಿರುಗುವ ಅಚ್ಚು) ಕೆಳಗಿನ ಆಕ್ಸಲ್‌ವರೆಗೆ ಅಳೆದೆವು. ತಯಾರಕರು ಹೇಳಿದ್ದಕ್ಕಿಂತ 5 ಮಿಲಿಮೀಟರ್ ಹೆಚ್ಚಿತ್ತು. ಇದು ಕೇಬಲ್ ಹಿಗ್ಗಿದ ಗುರುತು. ಕೇಬಲ್ ಉದ್ದವಾದರೆ ಲಿಂಬ್‌ಗಳ ಬಾಗು ಸಡಿಲಗೊಂಡು ಎಳೆತದ ತೂಕ ಇಳಿಯುತ್ತದೆ, ಎಳೆತದ ಉದ್ದ ತುಸು ಬೆಳೆಯುತ್ತದೆ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲನ್ನು ಬಿಡುವುದು ಈ ಹಿಗ್ಗುವಿಕೆಗೆ ದೊಡ್ಡ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲುಸೀಮೆಯ ರಸ್ತೆಬದಿ ನಿಂತ ಕಾರು ಒಲೆಯಿದ್ದಂತೆ. ಬಿಲ್ಲನ್ನು ಮನೆಯೊಳಗೆ ಇಡಿ, ಬಸ್ಸಿನಲ್ಲಿ ತರುವಾಗ ಮಡಿಲಲ್ಲಿಟ್ಟುಕೊಳ್ಳಿ.

ಮುಂದಿನದು ಡ್ರಾ ಬೋರ್ಡ್. ನಾಲ್ಕೂವರೆ ಅಡಿಯ ಗಟ್ಟಿ ಸಾಗವಾನಿ ಹಲಗೆ. ಒಂದು ತುದಿಯಲ್ಲಿ ಬಿಲ್ಲಿನ ಹಿಡಿಕೆ ಕೂರುವಂಥ ಮೆತ್ತನೆಯ ಗೂಟ, ಇನ್ನೊಂದು ತುದಿಯಲ್ಲಿ ಕೈಯಿಂದ ತಿರುಗಿಸುವ, ಹಿಂದಕ್ಕೆ ಜಾರದಂತೆ ಹಲ್ಲಿನ ತಡೆಯಿರುವ ಸಣ್ಣ ವಿಂಚ್. ಬಡಗಿಗೆ ಚಿತ್ರ ಬರೆದುಕೊಟ್ಟರೆ ಅರ್ಧ ದಿನದ ಕೆಲಸ. ನನ್ನ ಮಟ್ಟಿಗೆ ಕಾಂಪೌಂಡ್ ಬಿಲ್ಲು ಇಟ್ಟುಕೊಂಡವರು ಬಿಲ್ಲು ಅಲುಗದಂತೆ ಜೋಡಿಸುವ ದುಬಾರಿ ಸ್ಟೆಬಿಲೈಸರ್‌ ದಂಡಕ್ಕಿಂತ ಮೊದಲು ಮಾಡಿಸಬೇಕಾದದ್ದು ಈ ಹಲಗೆ. ಕೈಯಲ್ಲಿ ಎಳೆದು ಹಿಡಿದವನಿಗೆ ತನ್ನ ಕ್ಯಾಮ್‌ಗಳು ಕಾಣುವುದಿಲ್ಲ. ಇಲ್ಲಿ ಹೆದೆಯನ್ನು ಅಂಗುಲ ಅಂಗುಲವಾಗಿ ಎಳೆಯುತ್ತ ಎರಡೂ ಕ್ಯಾಮ್‌ಗಳನ್ನು ಕಣ್ಣೆದುರಿಗೆ ನೋಡಬಹುದು. ಕ್ಯಾಮ್ ಗೋಡೆಗೆ, ಅಂದರೆ ಇನ್ನು ಮುಂದೆ ಎಳೆಯಲಾಗದ ಕೊನೆಗೆ, ತಾಗಿದ ಮೇಲೆ ಒಂದು ಹಲ್ಲು ಕೂಡ ಮುಂದೆ ತಿರುಗಿಸಬೇಡಿ. ಹೆದೆಯ ನೇರಕ್ಕೆ, ಹಿಂದಾಗಲಿ ಮುಂದಾಗಲಿ ನಿಲ್ಲಬೇಡಿ.

ಹುಡುಗನ ಬಿಲ್ಲನ್ನು ಹಲಗೆಯ ಮೇಲಿಟ್ಟು ಎಳೆದಾಗ ಕೆಳಗಿನ ಕ್ಯಾಮ್‌ನ ತಡೆ ಕೇಬಲ್‌ಗೆ ಮುಟ್ಟಿತು. ಮೇಲಿನದು ಇನ್ನೂ 4 ಮಿಲಿಮೀಟರ್ ದೂರದಲ್ಲಿತ್ತು. ಅವನು ಬಾಗಿ ನೋಡಿ ಸುಮ್ಮನಾದ. ಆಮೇಲೆ, "ಪೂರ್ತಿ ಎಳೆದಾಗ ಗೋಡೆ ಮೆತ್ತಗಿದೆ ಎನ್ನಿಸುತ್ತಿತ್ತು ಕಾಕಾ, ಅದು ಇದೇ ಏನು?" ಎಂದ. ಇದೇ. ಒಂದು ಎತ್ತು ಮುಂದೆ, ಒಂದು ಹಿಂದೆ ಆದ ಚಕ್ಕಡಿಯಲ್ಲಿ ನೊಗ ಓರೆಯಾಗುವಂತೆ, ಬಿಟ್ಟಾಗ ಹೆದೆಯ ನಡುಭಾಗ ನೇರವಾಗಿ ಬಾರದೆ ಮೇಲೆ ಕೆಳಗೆ ಹೊಯ್ದಾಡುತ್ತದೆ. ಬಾಣಕ್ಕೆ ಹೋಗಬೇಕಾದ ಶಕ್ತಿಯ ಒಂದು ಪಾಲು ಲಿಂಬ್‌ಗಳನ್ನು ಅದುರಿಸುವುದಕ್ಕೆ ಖರ್ಚಾಗುತ್ತದೆ. ವೇಗ, ಸದ್ದು, ಒದೆತ ಮೂರರ ಬೇರು ಇಲ್ಲಿ ಸಿಕ್ಕಿತು.

ಸರಿಪಡಿಸುವುದು ಕೇಬಲ್‌ಗೆ ತಿರುವು ಕೊಟ್ಟು. ತಿರುವಿದಷ್ಟೂ ಕೇಬಲ್ ಕುಗ್ಗುತ್ತದೆ. ಇದಕ್ಕೆ ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಬೇಕೇ ಬೇಕು. ಆ ಮಾದರಿಗೆ ಹೊಂದುವ ಪ್ರೆಸ್ ಇಲ್ಲದಿದ್ದರೆ ಕೇಬಲ್ ಮುಟ್ಟಬೇಡಿ. ತರಬೇತುದಾರರ ಬಳಿ ಒಯ್ಯಿರಿ. ಹಗ್ಗ ಬಿಗಿದು, ಮೊಣಕಾಲಲ್ಲಿ ಅದುಮಿ ಮಾಡುವ ಉಪಾಯಗಳನ್ನು ನಾನು ಒಪ್ಪುವುದಿಲ್ಲ. ಯಾವ ಕೇಬಲ್‌ಗೆ ತಿರುವು ಎಂಬುದು ಒಂಟಿ ಕ್ಯಾಮ್, ಜೋಡಿ ಕ್ಯಾಮ್, ಹೈಬ್ರಿಡ್ ಎಂದು ಬಿಲ್ಲಿನ ಬಗೆಯಂತೆ ಬದಲಾಗುತ್ತದೆ. ತಯಾರಕರ ಪುಸ್ತಿಕೆಯನ್ನೇ ನೋಡಿ. ಒಮ್ಮೆಗೆ ಅರ್ಧ ತಿರುವು, ಮತ್ತೆ ಹಲಗೆ, ಮತ್ತೆ ಅರ್ಧ. ನಮಗೆ ಎರಡೂವರೆ ತಿರುವು ಹಿಡಿಯಿತು. ಸರಿಯಾದ ಮೇಲೆ ಕ್ಯಾಮ್ ಮತ್ತು ಲಿಂಬ್ ಸೇರುವಲ್ಲಿ ಬಿಳಿ ಬಣ್ಣದ ಸಣ್ಣ ಗುರುತು ಹಾಕಿದೆವು. ಮುಂದೆ ಅದು ಸರಿದರೆ ಹಲಗೆ ಇಲ್ಲದೆಯೂ ತಿಳಿಯುತ್ತದೆ.

ಲಿಂಬ್ ಬೋಲ್ಟ್‌ಗಳಲ್ಲೂ ಕೆಳಗಿನದು ಮೇಲಿನದಕ್ಕಿಂತ ಒಂದು ಸುತ್ತು ಸಡಿಲವಾಗಿತ್ತು. ಎರಡನ್ನೂ ನಿಲ್ಲುವವರೆಗೆ ಮೆಲ್ಲಗೆ ಒಳಗೆ ಕೂರಿಸಿ, ಅಲ್ಲಿಂದ ಸಮನಾಗಿ ಸುತ್ತು ಎಣಿಸುತ್ತ ಹೊರಗೆ ತಂದು 27.2 ಕಿಲೋಗೆ, ಅಂದರೆ 60 ಪೌಂಡಿಗೆ ನಿಲ್ಲಿಸಿದೆವು. ಪುಸ್ತಿಕೆ ಹೇಳುವುದಕ್ಕಿಂತ ಹೆಚ್ಚು ಸುತ್ತು ಹೊರಗೆ ತೆಗೆದರೆ ಬೋಲ್ಟ್ ಕಿತ್ತು ಬರುತ್ತದೆ.

ಮತ್ತೆ 18 ಮೀಟರ್, ಐದು ಬಾಣ. 0.280 ಸೆಕೆಂಡ್. ಸೆಕೆಂಡಿಗೆ 79 ಮೀಟರ್, 259 ಅಡಿ. ಹುಡುಗ ಲೆಕ್ಕವನ್ನು ತಾನೇ ಎರಡು ಸಲ ಮಾಡಿದ.

ಉಳಿದ ಸದ್ದುಗಳು

ಒದೆತ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸದ್ದು ಇಳಿದರೂ ಹೋಗಲಿಲ್ಲ. ಸದ್ದಿನ ವಿಷಯದಲ್ಲಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಂಥದ್ದು ಎಂಬುದು ಮುಖ್ಯ. ಮೊಬೈಲ್ ತೋರಿಸುವ ಡೆಸಿಬೆಲ್ ಅಂಕಿಯನ್ನು ನಾನು ನೆಚ್ಚುವುದಿಲ್ಲ. ಸದ್ದು ಜೋರಾದಾಗ ಮೊಬೈಲ್ ತಾನಾಗಿ ಮಟ್ಟ ಇಳಿಸಿಕೊಳ್ಳುತ್ತದೆ, ತಗಡಿನ ಶೆಡ್ಡಿನಲ್ಲಿ ಒಂದು, ಬಯಲಿನಲ್ಲಿ ಇನ್ನೊಂದು ತೋರಿಸುತ್ತದೆ. ಅದೇ ಜಾಗ, ಅದೇ ದಿನ, ಮೂರು ಮೀಟರ್ ಪಕ್ಕದಲ್ಲಿ ಮೊಬೈಲ್ ಇಟ್ಟು ಮುದ್ರಿಸಿ, ಧಪ್ ಆದ ಮೇಲೆ ಅಲೆಯ ಬಾಲ ಎಷ್ಟು ಹೊತ್ತು ಎಳೆಯುತ್ತದೆ ಎಂದು ನೋಡಿ. ಒಳ್ಳೆಯ ಬಿಲ್ಲಿನ ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ.

ಧಾರವಾಡದವರಿಗೆ ತಂಬೂರಿಯ ಜವಾರಿ ಗೊತ್ತಿರುತ್ತದೆ. ತಂತಿಯ ಕೆಳಗೆ ಒಂದು ನೂಲೆಳೆ ಸರಿಯಾದ ಜಾಗದಲ್ಲಿ ಕೂತರೆ ಇಡೀ ನಾದ ಝೇಂಕರಿಸುತ್ತದೆ. ಬಿಲ್ಲಿನಲ್ಲಿಯೂ ಒಂದು ಕೂದಲೆಳೆಯ ತಾಗುವಿಕೆ ಅಷ್ಟೇ ಝೇಂಕಾರ ಎಬ್ಬಿಸುತ್ತದೆ, ಇಲ್ಲಿ ಅದು ದೋಷ. ಹೆದೆಯನ್ನು ಬೆರಳಿನಿಂದ ಮೆಲ್ಲಗೆ ಮೀಟಿ, ಇನ್ನೊಬ್ಬರು ಒಂದೊಂದೇ ಭಾಗದ ಮೇಲೆ ಬೆರಳಿಡಲಿ. ಎಲ್ಲಿ ಬೆರಳಿಟ್ಟಾಗ ಝುಂ ನಿಲ್ಲುತ್ತದೆಯೋ ಅಲ್ಲಿದೆ ಕಾರಣ. ಟಣ್ ಎಂಬ ಲೋಹದ ಸದ್ದಾದರೆ ಗುರಿ ನೋಡುವ ಸೈಟ್, ಬತ್ತಳಿಕೆ, ಸ್ಟೆಬಿಲೈಸರ್‌ಗಳ ಸ್ಕ್ರೂಗಳನ್ನು ಅಲೆನ್ ಕೀ ಹಿಡಿದು ನೋಡಿ. ಅಲ್ಲೂ ಸಿಗದಿದ್ದರೆ ಒಂದೊಂದಾಗಿ ತೆಗೆದಿಟ್ಟು ಒಂದೊಂದು ಬಾಣ ಹೊಡೆಯಿರಿ. ನಮ್ಮಲ್ಲಿ ಬತ್ತಳಿಕೆಯ ಹಿಡಿಕೆಯೊಳಗಿನ ರಬ್ಬರ್ ಸವೆದು ಬಾಣಗಳೇ ಕಟಕಟ ಎನ್ನುತ್ತಿದ್ದವು. ಗುರಿಹಲಗೆಯ ಮುಂದೆ ನಿಲ್ಲುವವನಿಗೆ ಬಿಲ್ಲಿಗೆ ಕಟ್ಟಿದ ಬತ್ತಳಿಕೆ ಬೇಡ. ಬಿಚ್ಚಿಟ್ಟೆವು.

ಎಳೆಯುವಾಗ ಮಾತ್ರ ಕಿರ್ ಎಂದರೆ ಕೇಬಲ್ ಸ್ಲೈಡ್ (ಕೇಬಲ್‌ಗಳನ್ನು ಬಾಣದ ದಾರಿಯಿಂದ ಪಕ್ಕಕ್ಕೆ ಹಿಡಿಯುವ ಜಾರುತುಂಡು) ಅಥವಾ ಕ್ಯಾಮ್ ಬೇರಿಂಗ್. ಎರೆಮಣ್ಣಿನ ಧೂಳು ಸ್ಲೈಡ್‌ನಲ್ಲಿ ಕೂರುತ್ತದೆ. ಎಣ್ಣೆ ಹಾಕಿದರೆ ಇನ್ನಷ್ಟು ಧೂಳು ಅಂಟಿ ಉಪ್ಪುಕಾಗದದಂತೆ ಉಜ್ಜುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ. ತುಕ್ಕು ಬಿಡಿಸುವ ಸ್ಪ್ರೇ ಹೆದೆಗೆ ತಾಗಬಾರದು, ಮೇಣವನ್ನೇ ಕರಗಿಸುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೇಣವಿಲ್ಲದ ಹೆದೆ ಎಳೆಗಳ ನಡುವೆ ನೀರು ಹಿಡಿದುಕೊಂಡು ಭಾರವಾಗುತ್ತದೆ, ವೇಗ ಇಳಿಯುತ್ತದೆ. ಅದನ್ನು ದೋಷವೆಂದು ಬಿಚ್ಚಲು ಹೋಗಬೇಡಿ, ಒಣಗಿಸಿ ಮೇಣ ಉಜ್ಜಿ ಮತ್ತೆ ಅಳೆಯಿರಿ.

ಹೆದೆಯನ್ನು ತಡೆಯುವ ರಬ್ಬರ್ ಗುಂಡಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹೆದೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಅಂತರ. ಹೊಸದು ಹಾಕಿ, ವಿಸಿಟಿಂಗ್ ಕಾರ್ಡ್ ಹಿಡಿಯುವಷ್ಟು ಅಂತರಕ್ಕೆ ತಂದಾಗ ಅಲೆಯ ಬಾಲ ಕಣ್ಣಿಗೆ ಕಾಣುವಂತೆ ಮೊಟಕಾಯಿತು. ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) ಹೆದೆಗೆ ತೀರಾ ಬಿಗಿಯಾಗಿ ಕಚ್ಚಿ ಕೂರುತ್ತಿಲ್ಲ, ಸಡಿಲವೂ ಇಲ್ಲ ಎಂದು ನೋಡಿ: ಬಾಣವನ್ನು ಕೆಳಮುಖವಾಗಿ ತೂಗುಬಿಟ್ಟು ಹೆದೆಯನ್ನು ತಟ್ಟಿದರೆ ಬಿಟ್ಟುಕೊಳ್ಳಬೇಕು. ಬಾಣ ಹೊರಡುವಾಗ ಫಡ್ ಎಂದರೆ ಗರಿ ಬಾಣ ಕೂರುವ ರೆಸ್ಟ್‌ಗೆ ಬಡಿಯುತ್ತಿದೆ. ಗರಿಗಳಿಗೆ ಮುಖದ ಪೌಡರ್ ಹಚ್ಚಿ ಒಂದು ಬಾಣ ಬಿಟ್ಟರೆ ಗೀರು ಎಲ್ಲಿ ಬಿತ್ತೆಂದು ಕಾಣುತ್ತದೆ.

ಇಷ್ಟಾದ ಮೇಲೂ ಸದ್ದು ಹೆಚ್ಚೆನ್ನಿಸಿದರೆ ಬಾಣದ ತೂಕ ಹೆಚ್ಚಿಸಿ. ಭಾರದ ಬಾಣ ಬಿಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಒಯ್ಯುತ್ತದೆ, ಬಿಲ್ಲಿನಲ್ಲಿ ಉಳಿಯುವುದು ಕಡಿಮೆ. 400ರಿಂದ 430 ಗ್ರೇನ್‌ಗೆ ಏರಿಸಿದಾಗ ಹತ್ತು ಅಡಿಯಷ್ಟು ವೇಗ ಕಳೆದುಕೊಂಡೆವು. ಬದಲಿಗೆ ಬಂದ ಮೃದುತನವನ್ನು ನೋಡಿದರೆ ಅದು ನಷ್ಟವೆನ್ನಿಸುವುದಿಲ್ಲ. 18 ಮೀಟರಿನಲ್ಲಿ ಅಂಕ ಕೊಡುವುದು ವೇಗವಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಬಾಣ.

ದೋಷವಲ್ಲದ ದೋಷ

ಮೂರನೆಯ ಭಾನುವಾರ ಉಳಿದಿದ್ದ ದೂರು ಒಂದೇ. ಎಳೆಯುವಾಗ ಮಧ್ಯದಲ್ಲಿ ಗುಡ್ಡ ಹತ್ತಿದಂತೆ ಭಾರ ಬಂದು, ಕೊನೆಯಲ್ಲಿ ಹಠಾತ್ತನೆ ಕುಸಿಯುತ್ತದೆ. ತುಸು ಮೈಮರೆತರೆ ಹೆದೆ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಾನೂ ಎಳೆದು ನೋಡಿದೆ, ಇನ್ನೊಬ್ಬ ಗೆಳೆಯನಿಗೂ ಕೊಟ್ಟೆ. ಇಬ್ಬರಿಗೂ ಅದೇ ಅನುಭವ. ಕೈಯ ಅನುಭವವನ್ನು ಒಬ್ಬರ ಮಾತಿನಿಂದ ತೀರ್ಮಾನಿಸಬಾರದು. ದಣಿದ ಭುಜಕ್ಕೆ ಎಲ್ಲ ಬಿಲ್ಲೂ ಕೆಟ್ಟದ್ದೇ. ಹಾಗಾಗಿ ಬೆಳಗಿನ ಮೊದಲ ಮೂರು ಬಾಣಗಳಲ್ಲೇ ಕೇಳಿದ್ದೆವು.

ಕೊಕ್ಕೆ ತಕ್ಕಡಿಯನ್ನು ಹಲಗೆಗೆ ಸಿಕ್ಕಿಸಿ ಇಂಚಿಗೊಂದು ತೂಕ ಬರೆದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದಾಗ ಅವನ ಗುಡ್ಡ ಕಾಗದದ ಮೇಲೂ ಮೂಡಿತು. ಆರಂಭದಲ್ಲೇ ತೂಕ ಸರ್ರನೆ 60ಕ್ಕೆ ಏರಿ, ಹಾಗೇ ನಿಂತು, ಕೊನೆಯ ಎರಡು ಇಂಚಿನಲ್ಲಿ 12 ಪೌಂಡಿಗೆ ಇಳಿಯುವ ಗೆರೆ. ಗೆರೆಯ ಕೆಳಗಿನ ಹರವು ದೊಡ್ಡದಾದಷ್ಟೂ ಕೂಡಿಟ್ಟ ಶಕ್ತಿ ಹೆಚ್ಚು. 320 ಎಂಬ ಅಂಕಿಯನ್ನು ಡಬ್ಬಿಯ ಮೇಲೆ ಬರೆಸಿದ್ದು ಕ್ಯಾಮ್‌ನ ಈ ಆಕಾರವೇ. ಇದನ್ನು ತಿರುವಿನಿಂದಲೂ ಮೇಣದಿಂದಲೂ ಸರಿಪಡಿಸಲಾಗದು.

"ಹಾಗಾದರೆ ಏನು ಮಾಡಲಿ?" ಎಂದು ಕೇಳಿದ. ಎಳೆತವನ್ನು 55ಕ್ಕೆ ಇಳಿಸಿ, ಎರಡು ತಿಂಗಳು ಭುಜ ಗಟ್ಟಿಯಾಗಲಿ ಎಂದೆ. ಅವನೇ ಅಲೆನ್ ಕೀ ತೆಗೆದುಕೊಂಡು ಎರಡೂ ಬೋಲ್ಟ್‌ಗಳನ್ನು ಗಟ್ಟಿಯಾಗಿ ಎಣಿಸುತ್ತ ಸಮನಾಗಿ ಸಡಿಲಿಸಿದ. ತಕ್ಕಡಿಯಲ್ಲಿ ಮೊದಲ ದಿನದ ಅದೇ 24.9 ಕಿಲೋ ಬಂತು. ಈ ಸಲ ಹಲಗೆಯ ಮೇಲೆ ಎರಡೂ ಕ್ಯಾಮ್‌ಗಳು ಒಟ್ಟಿಗೇ ಮುಟ್ಟಿದವು.